'ಜನಾಂಗ' ಅಂದರೆ ನಮ್ಮ ಕಡೆ ಜಾತಿ. ಹಾಗಾದರೆ 'ರೇಸ್'ಗೆ ಏನನ್ನೋಣ?

ಗೆಳೆಯರೇ, ನಮಸ್ಕಾರ.

ಚಿಂತಾಮಣಿ ಹತ್ತಿರದ ನಮ್ಮೂರಲ್ಲಿ ಭಾನುವಾರ ಕೆಲವರು ಸೇರಿ ಕಾನೂನಿನ ವಿಷಯ ಓದುತ್ತೇವೆ. ಹೋದ ವಾರ ಬ್ರಿಟನ್ನಿನ 2006ರ ಒಂದು ಕಾಯ್ದೆಯ ಬಗ್ಗೆ ಬರೆದುಕೊಂಡು ಹೋಗಿದ್ದೆ. 'ಜನಾಂಗೀಯ ಮತ್ತು ಧಾರ್ಮಿಕ ದ್ವೇಷ ಕಾಯ್ದೆ' ಅಂತ ತಲೆಬರಹ ಓದಿದ್ದೇ ತಡ, ಬಾಗಿಲ ಹತ್ತಿರ ಅವರೆಕಾಯಿ ಬಿಡಿಸುತ್ತಿದ್ದ ಅಜ್ಜಿ ಕೇಳಿದರು: "ಅಲ್ಲೂ ಜಾತಿ ಜಗಳ ಐತೇನಪ್ಪಾ?"

ಅವರು ಕೇಳಿದ್ದು ಸರಿಯಾಗೇ ಇದೆ. ನಮ್ಮ ಕಡೆ "ನೀವು ಯಾವ ಜನಾಂಗ?" ಅಂದರೆ ಜಾತಿ ಯಾವುದು ಅಂತಲೇ. 'ಜಾತಿ' ಅಂತ ಬಾಯಿಬಿಟ್ಟು ಕೇಳಲು ಮುಜುಗರವಾದಾಗ ಬರುವ ಮಾತು ಅದು. ಮನೆಯಲ್ಲಿ ತೆಲುಗಾಡುವವರು 'ಏ ಕುಲಂ' ಅನ್ನುತ್ತಾರೆ, ಕನ್ನಡಕ್ಕೆ ತಿರುಗಿದ ಕೂಡಲೇ 'ಯಾವ ಜನಾಂಗ' ಅನ್ನುತ್ತಾರೆ. ಬಾಡಿಗೆ ಮನೆ ಕೇಳಲು ಹೋದಾಗ ನಾನೇ ಎಷ್ಟು ಸಲ ಇದಕ್ಕೆ ಉತ್ತರ ಹೇಳಿದ್ದೇನೋ.

ಇದನ್ನು ಸುಮ್ನೆ ಬಿಡುವ ಹಾಗಿಲ್ಲ. ಇಂಗ್ಲಿಷಿನ 'ರೇಸ್' ಅಂದರೆ ಮೈಬಣ್ಣ, ಮೂಲ ನೋಡಿ ಜನರನ್ನು ಗುಂಪು ಮಾಡುವುದು. ತಾರತಮ್ಯ ಮಾಡಬಾರದು ಅನ್ನುವ ಸಂವಿಧಾನದ 15ನೇ ವಿಧಿಯಲ್ಲಿ 'ರೇಸ್' ಬೇರೆ, ಜಾತಿ ಬೇರೆ. ಗುಂಪುಗಳ ನಡುವೆ ದ್ವೇಷ ಹುಟ್ಟಿಸುವವರಿಗೆ ಶಿಕ್ಷೆ ಹೇಳುವ ಭಾರತೀಯ ನ್ಯಾಯ ಸಂಹಿತೆಯ 196ನೇ ಕಲಂನಲ್ಲೂ, ಅಂದರೆ ಹಳೆಯ ಐಪಿಸಿಯ 153ಎ, ಹಾಗೇ ಇದೆ. ಎರಡಕ್ಕೂ ಜನಾಂಗ ಅಂದರೆ ಒಂದನ್ನೇ ಎರಡು ಸಲ ಹೇಳಿದ ಹಾಗಾಗುತ್ತದೆ, ಅಲ್ವಾ?

'ಮೂಲವಂಶ' ಅನ್ನುವ ಪದವನ್ನೂ ನೋಡಿದ್ದೇನೆ. ಆದರೆ ವಂಶ ಅಂದರೆ ನಮಗೆ ಮನೆತನ. ಬುಡಕಟ್ಟು ಅಂದರೆ ಕಾಡಿನ ಜನ ನೆನಪಾಗುತ್ತಾರೆ. 'ಮೈಬಣ್ಣ' ಸಾಲದು. ಬ್ರಿಟನ್ನಿನ ಕಾನೂನಿನಲ್ಲಿ ಬಣ್ಣದ ಜೊತೆ ಯಾವ ದೇಶದವರು, ಮೂಲ ಎಲ್ಲಿಯದು ಅನ್ನುವುದೂ ಸೇರಿದೆ.

ಆದರೂ ಅಜ್ಜಿಯ ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ. ಜನಾಂಗ ತಾರತಮ್ಯದ ವಿರುದ್ಧ ವಿಶ್ವಸಂಸ್ಥೆಯ 1965ರ ಒಪ್ಪಂದದಲ್ಲಿ ಹುಟ್ಟಿನ ಮೂಲವೂ ಸೇರಿದೆ. ಜಾತಿಯೂ ಅದರೊಳಗೇ ಬರುತ್ತದೆ ಅಂತ ಅದರ ಸಮಿತಿ 2002ರಲ್ಲಿ ಹೇಳಿತು. ನಮ್ಮ ಸರ್ಕಾರ ಒಪ್ಪಲಿಲ್ಲ. ಕಂಬಾಲಪಲ್ಲಿ ನಮ್ಮ ತಾಲ್ಲೂಕಿನದೇ. 2000ದ ಮಾರ್ಚ್‌ನಲ್ಲಿ ಅಲ್ಲಿ ಏಳು ಜನ ದಲಿತರನ್ನು ಸುಟ್ಟು ಕೊಂದರು. ಅದನ್ನು ಬಲ್ಲವರ ಎದುರು ಕೂತು, 'ಇದು ಜಾತಿಯ ಮಾತಲ್ಲ, ಜನಾಂಗದ ಮಾತು' ಅಂತ ಹೇಳಲು ನನಗೆ ಬಾಯಿ ಬರಲಿಲ್ಲ.

ಇನ್ನೊಂದು ಪದ ಮಾತ್ರ ಅಲ್ಲೇ ಸಿಕ್ಕಿತು. ನಾನು 'ದ್ವೇಷ ಪ್ರಚೋದನೆ' ಅಂತ ಬರೆದಿದ್ದೆ. "ಎತ್ತಿಕಟ್ಟೋದು ಅನ್ನಿ ಸಾರ್" ಅಂದ ಒಬ್ಬ ಹುಡುಗ. ತಿದ್ದಿಕೊಂಡೆ.

'ರೇಸ್'ಗೆ ಸದ್ಯ 'ಬಣ್ಣ-ಮೂಲ' ಅಂತ ಬರೆದಿಟ್ಟಿದ್ದೇನೆ. ಪಾವಗಡ, ಮಧುಗಿರಿ ಕಡೆಯವರು ಜನಾಂಗ ಅಂದರೆ ಏನು ತಿಳಿಯುತ್ತೀರಿ? ನಿಮ್ಮಲ್ಲಿ ಇದಕ್ಕಿಂತ ಒಳ್ಳೆಯ ಪದ ಇದೆಯಾ?