ಸೆರಿಫ್‌ಗೆ ‘ತಲೆಕಟ್ಟು’ ಅನ್ನಬಹುದೇ?

ಗೆಳೆಯರೇ,

ಒಂದು ಫಾಂಟಿನ ಪರಿಚಯವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ‘ಬೋಲ್ಡ್ ಸೆರಿಫ್ ಡಿಸ್‌ಪ್ಲೇ’ ಎಂಬ ಮೂರು ಪದಗಳಲ್ಲೇ ಸಿಕ್ಕಿಹಾಕಿಕೊಂಡೆ. ಬೋಲ್ಡ್‌ಗೆ ‘ದಪ್ಪ’ ಸಾಕು. ‘ದಿಟ್ಟ’ ಎಂದು ಬರೆಯುವವರೂ ಇದ್ದಾರೆ. ಅಕ್ಷರಕ್ಕೆ ಧೈರ್ಯ ಯಾಕೆ, ಮೈ ಇದ್ದರೆ ಸಾಲದೇ?

ತೊಡಕಿರುವುದು ಸೆರಿಫ್‌ನಲ್ಲಿ. ಇಂಗ್ಲಿಷಿನ ದೊಡ್ಡ ‘ಐ’ ನೆನಪಿಸಿಕೊಳ್ಳಿ. ನೆಟ್ಟಗೆ ನಿಂತ ಗೆರೆಯ ಮೇಲೂ ಕೆಳಗೂ ಅಡ್ಡಕ್ಕೆ ಚಾಚಿಕೊಂಡ ಪುಟ್ಟ ತುದಿಗಳಿವೆಯಲ್ಲ, ಅವೇ ಸೆರಿಫ್. ರೋಮಿನಲ್ಲಿರುವ ಟ್ರಾಜನ್ ಕಂಬದ ಶಾಸನದಲ್ಲೂ (ಕ್ರಿ.ಶ. 113) ಅವು ಚೆನ್ನಾಗಿ ಕಾಣುತ್ತವೆ.

ಜೊತೆಗಾರರೊಬ್ಬರು ‘ತಲೆಕಟ್ಟು’ ಅನ್ನಿ ಎಂದರು. ಕೇಳಿದ ಕೂಡಲೇ ಇಷ್ಟವಾಯಿತು. ಆಮೇಲೆ ‘ಕ’ ಬರೆದು ನೋಡಿದೆ. ಅದರ ತಲೆಕಟ್ಟು ತೆಗೆದು ಗುಡಿಸು ಹಾಕಿದರೆ ‘ಕಿ’ ಆಗುತ್ತದೆ, ಏತ್ವ ಹಾಕಿದರೆ ‘ಕೆ’. ಅಂದರೆ ತಲೆಕಟ್ಟು ಸುಮ್ನೆ ಕೂತಿಲ್ಲ, ಅಕಾರವನ್ನು ಹೊತ್ತಿದೆ. ‘ಐ’ಯ ಸೆರಿಫ್ ಕತ್ತರಿಸಿ ಹಾಕಿ, ಅದು ‘ಐ’ ಆಗಿಯೇ ಉಳಿಯುತ್ತದೆ. ಒಂದು ಓದಿಗೆ ಬೇಕೇ ಬೇಕು, ಇನ್ನೊಂದು ರೂಪಕ್ಕೆ ಮಾತ್ರ. ಎರಡಕ್ಕೂ ಒಂದೇ ಹೆಸರಿಟ್ಟರೆ ಗೊಂದಲ ಅಲ್ವಾ? ಅದೂ ಅಲ್ಲದೆ ಸೆರಿಫ್ ಕಾಲಲ್ಲೂ ಇರುತ್ತದೆ!

‘ತುದಿಗೆರೆ’ ಎಂದು ತಿದ್ದಿಕೊಂಡೆ. ಅದೂ ದಪ್ಪ ಅಕ್ಷರಗಳ ಮುಂದೆ ಸೋತಿತು. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಲಂಡನ್ನಿನಲ್ಲಿ ಭಿತ್ತಿಪತ್ರ, ಜಾಹೀರಾತುಗಳಿಗೆ ಬಳಸಿದ ‘ಫ್ಯಾಟ್ ಫೇಸ್’ ಅಕ್ಷರಗಳಲ್ಲಿ ಮೈ ಕಂಬದಷ್ಟು ದಪ್ಪ, ಸೆರಿಫ್ ಕೂದಲೆಳೆ. ಅಲ್ಲಿಗೆ ‘ಗೆರೆ’ ಸರಿ. ಆದರೆ 1845ರ ಕ್ಲಾರೆಂಡನ್ ಎಂಬ ಫಾಂಟಿನಲ್ಲಿ ಸೆರಿಫೂ ದಪ್ಪ. ಮರದ ಬುಡ ನೆಲಕ್ಕೆ ಇಳಿಯುವಾಗ ಅಗಲವಾಗುತ್ತದಲ್ಲ, ಹಾಗೆ ಬಾಗಿ ಕಂಬಕ್ಕೆ ಸೇರುತ್ತದೆ. 1922ರ ಕೂಪರ್ ಬ್ಲ್ಯಾಕ್ ಎಂಬ ಫಾಂಟಿನಲ್ಲಂತೂ ತುದಿಗಳೆಲ್ಲ ಉರುಟು, ಬಿಸಿಲಿಗಿಟ್ಟ ಬೆಣ್ಣೆಯ ಹಾಗೆ. ಇದನ್ನು ಗೆರೆ ಎಂದರೆ ಯಾರು ನಂಬುತ್ತಾರೆ? ಹಾಗಾಗಿ ಈಗ ‘ತುದಿಚಾಚು’ ಎಂದು ಬರೆದಿಟ್ಟಿದ್ದೇನೆ. ಗಂಟಲಿಗೆ ಸ್ವಲ್ಪ ಒರಟು, ಒಪ್ಪುತ್ತೇನೆ.

ಇನ್ನು ಡಿಸ್‌ಪ್ಲೇ. ‘ಪ್ರದರ್ಶನ’ ಅಂದರೆ ಅಕ್ಷರಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟ ಹಾಗಿದೆ. ‘ದೊಡ್ಡಕ್ಷರ’ ಅಂದರೆ ಕ್ಯಾಪಿಟಲ್ ಎಂದುಕೊಳ್ಳುತ್ತಾರೆ. ಹೇಳಬೇಕಾದ್ದು ಇಷ್ಟೇ: ಇದು ತಲೆಬರಹ, ಮುಖಪುಟ, ಭಿತ್ತಿಪತ್ರಕ್ಕೆ ಮಾಡಿದ್ದು, ಪುಟಗಟ್ಟಲೆ ಓದಿಗಲ್ಲ. 72 ಪಾಯಿಂಟಿನಲ್ಲಿ (ಪಾಯಿಂಟ್ ಅಂದರೆ ಅಕ್ಷರದ ಗಾತ್ರದ ಅಳತೆ) ಠೀವಿಯಿಂದ ನಿಲ್ಲುವ ಫ್ಯಾಟ್ ಫೇಸ್ ಅನ್ನು 9 ಪಾಯಿಂಟಿಗೆ ಇಳಿಸಿದರೆ ಕೂದಲೆಳೆ ಮಾಯವಾಗುತ್ತದೆ, ಇಂಗ್ಲಿಷಿನ ಚಿಕ್ಕ ‘ಇ’ಯ ಹೊಟ್ಟೆ ಮಸಿಯಿಂದ ತುಂಬಿಹೋಗುತ್ತದೆ. ನನಗೆ ‘ತಲೆಬರಹದ ಅಕ್ಷರ’ವೇ ಜಾಸ್ತಿ ಹಿಡಿಸಿದೆ.

ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸಿದವರು ಇಲ್ಲಿದ್ದರೆ ಒಂದು ಕೇಳಬೇಕು. ತಲೆಬರಹಕ್ಕೆಂದು ಬೇರೆಯಾಗಿ ಇಡುತ್ತಿದ್ದ ದಪ್ಪ ಮೊಳೆಗಳನ್ನು ನೀವು ನಿಮ್ಮನಿಮ್ಮಲ್ಲಿ ಏನಂತ ಕರೆಯುತ್ತಿದ್ದಿರಿ?