ಮೆಡಿಕಲ್ ಸೀಟಿಗೆ ಪಿಯು ಕಾಲೇಜಿನ ಹೆಸರು ಲೆಕ್ಕಕ್ಕೆ ಬರುತ್ತಾ?

ಪಾಲಕರು, ಶಿರಸಿ:
ಮಗಳದ್ದು ಎಸ್ಸೆಸ್ಸೆಲ್ಸಿ ಮುಗೀತು, ಎಂಬಿಬಿಎಸ್ ಆಸೆ. ಶಿರಸಿಯಲ್ಲೇ ಪಿಯು ಓದಿಸೋಣ ಅಂದ್ರೆ ನೆಂಟರೆಲ್ಲ ಮಂಗಳೂರು, ಮೂಡುಬಿದಿರೆ ಕಡೆ ದೊಡ್ಡ ಕಾಲೇಜಿಗೇ ಹಾಕಿ ಅಂತಿದ್ದಾರೆ. ಕಾರವಾರದ ಸರ್ಕಾರಿ ಮೆಡಿಕಲ್ ಸೀಟಿಗೆ ಪಿಯು ಕಾಲೇಜು ಯಾವುದು ಅಂತ ನೋಡ್ತಾರಾ?

ಉಪನ್ಯಾಸಕ, ಕುಮಟಾ:
ನೋಡಲ್ಲ. ಪಿಯು ಅಂಕ ಬೇಕಿರೋದು ಅರ್ಹತೆಗೆ ಮಾತ್ರ: ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಸೇರಿ ಶೇ. 50 (ಎಸ್‌ಸಿ, ಎಸ್‌ಟಿ, ಒಬಿಸಿಗೆ 40). ಆಮೇಲೆ ಎಲ್ಲ ಮೆಡಿಕಲ್ ಪ್ರವೇಶ ಪರೀಕ್ಷೆ ನೀಟ್‌ನ 720 ಅಂಕದ ಮೇಲೆ. ಬಯಾಲಜಿ 90 ಪ್ರಶ್ನೆ, ಉಳಿದೆರಡು ತಲಾ 45. ಸರಿಗೆ 4, ತಪ್ಪಿಗೆ 1 ಕಡಿತ.

ಕಾಲೇಜು ನೋಡೋಕೆ ಹೋದಾಗ ಗೇಟಿನ ಬ್ಯಾನರ್ ನಂಬಬೇಡಿ. ನೀಟ್ ಬರೆದವರು ಒಟ್ಟು ಎಷ್ಟು, ಫೋಟೋದಲ್ಲಿರೋರಲ್ಲಿ ರಿಪೀಟರ್ಸ್ (ಮತ್ತೊಮ್ಮೆ ಬರೆದವರು) ಎಷ್ಟು ಅಂತ ಕೇಳಿ. ಒಎಂಆರ್ (ಉತ್ತರದ ವೃತ್ತ ತುಂಬುವ) ಹಾಳೆಯಲ್ಲಿ ಪೂರ್ತಿ ಮೂರು ಗಂಟೆಯ ಟೆಸ್ಟ್ ಇಡ್ತಾರಾ, ಮರುದಿನ ಮಕ್ಕಳನ್ನು ಕೂರಿಸಿ ತಪ್ಪಾದ ಪ್ರಶ್ನೆ ಮತ್ತೆ ಬಿಡಿಸ್ತಾರಾ? ಮಕ್ಕಳು ಸೋಲೋದು ಹೆಚ್ಚಾಗಿ ಫಿಸಿಕ್ಸ್ ಲೆಕ್ಕದಲ್ಲಿ. ಟೈಮ್ ಸಾಲದೆ ಕೊನೆಗೆ 20 ಪ್ರಶ್ನೆಗೆ ಕಣ್ಣುಮುಚ್ಚಿ ಗುರುತು ಹಾಕಿದ್ರೆ ಸರಾಸರಿ 5 ಸರಿ, 15 ತಪ್ಪು. 80 ಅಂಕದ ಜಾಗದಲ್ಲಿ ಕೈಗೆ ಬರೋದು 5. ಈ ಅಭ್ಯಾಸ ಮಾಡಿಸೋ ಕಾಲೇಜು ಶಿರಸಿಯಲ್ಲೇ ಸಿಕ್ಕಿದ್ರೆ ಹಾಸ್ಟೆಲ್ ಖರ್ಚು ಯಾಕೆ ಮಾರಾಯ್ರೆ?

ಕೌನ್ಸೆಲಿಂಗ್ ಕಾಗದಪತ್ರ ಬಲ್ಲವರು, ಕಾರವಾರ:
ಪಿಯು ಬಿಡಿ, 1ರಿಂದ 10 ಎಲ್ಲಿ ಓದಿದ್ದಾಳೆ? ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಹಂಚುವ ಸೀಟುಗಳಲ್ಲಿ ಗ್ರಾಮೀಣ ಶೇ. 15, ಕನ್ನಡ ಮಾಧ್ಯಮ ಶೇ. 5 ಮೀಸಲು. ಕಟಾಫ್ ಪಟ್ಟಿಯ ಜಿಎಂಆರ್, ಜಿಎಂಕೆ ಅಂದ್ರೆ ಜನರಲ್ ಮೆರಿಟ್ ಗ್ರಾಮೀಣ, ಜನರಲ್ ಮೆರಿಟ್ ಕನ್ನಡ ಮಾಧ್ಯಮ. ಗ್ರಾಮೀಣಕ್ಕೆ ಹತ್ತೂ ವರ್ಷ ಹಳ್ಳಿ ಶಾಲೆಯೇ ಆಗಿರಬೇಕು; ಹೈಸ್ಕೂಲಿಗೆ ಪೇಟೆಗೆ ಬಂದಿದ್ರೆ ಹೋಯ್ತು. ಪ್ರಮಾಣಪತ್ರಕ್ಕೆ ಹೆಡ್‌ಮಾಸ್ಟರ್ ಸಹಿ, ಮೇಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ. ಜನರಲ್ ಮೆರಿಟ್‌ನವರು ಗ್ರಾಮೀಣ ಕೇಳಿದ್ರೆ ಕೆನೆಪದರದಲ್ಲಿ (ಅನುಕೂಲಸ್ಥರ ಗುಂಪಿನಲ್ಲಿ) ಇಲ್ಲ ಅನ್ನೋ ಪತ್ರವನ್ನೂ ಕೊಡಬೇಕು.

ಓದುಗರು, ಹೊನ್ನಾವರ:
ಹಾಗಂತ ಪಿಯು ಅಂಕ ಕೈಬಿಡಬೇಡಿ. ಇಂಜಿನಿಯರಿಂಗ್‌ಗೆ ಸಿಇಟಿ ಅರ್ಧ, ಪಿಯು ಅರ್ಧ. ಶಿರಸಿಯ ಅರಣ್ಯ ಕಾಲೇಜಿಗೂ ಪಿಯು ಅಂಕ ಸೇರುತ್ತೆ. ಪಿಸಿಎಂಬಿ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಬಯಾಲಜಿ) ತಗೊಳ್ಳಲಿ.

ಪಾಲಕರು, ಶಿರಸಿ:
ಆರನೇ ಕ್ಲಾಸ್‌ವರೆಗೆ ಹಳ್ಳಿ, ಏಳರಿಂದ ಪೇಟೆ. ಹತ್ತೂ ವರ್ಷ ಕನ್ನಡ ಮೀಡಿಯಂ.

ಕೌನ್ಸೆಲಿಂಗ್ ಕಾಗದಪತ್ರ ಬಲ್ಲವರು, ಕಾರವಾರ:
ಹಾಗಾದ್ರೆ ಗ್ರಾಮೀಣ ಇಲ್ಲ, ಕನ್ನಡ ಮಾಧ್ಯಮ ಇದೆ. ಎರಡೂ ಶಾಲೆಗೆ ಈ ರಜೆಯಲ್ಲೇ ಹೋಗಿ ದಾಖಲೆಯಲ್ಲಿ ಹೆಸರು, ಇನಿಷಿಯಲ್ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ತಾಳೆಯಾಗುತ್ತಾ ನೋಡ್ಕೊಳ್ಳಿ. ಅರ್ಜಿ ಹಾಕುವಾಗ ಕನ್ನಡ ಮಾಧ್ಯಮದ ಕಲಂ ಖಾಲಿ ಬಿಡಬೇಡಿ. ತಿದ್ದುಪಡಿ ಅವಧಿ ಮುಗಿದ ಮೇಲೆ ಪತ್ರ ಹಿಡ್ಕೊಂಡು ಹೋದ್ರೆ ಪ್ರಯೋಜನ ಇಲ್ಲ.