ಮನೆಗೆ ಬೀಗ ಹಾಕಿದ್ದರೂ ಮೀಟರ್ ಓಡುತ್ತಿದೆ, ಅರ್ಧ ಗಂಟೆಯ ಲೆಕ್ಕ ಓದಲು ಸಹಾಯ ಬೇಕು

ಅಂತರಗಂಗೆ ಪಕ್ಕ (ಕೋಲಾರ)

ಎಲ್ಲರಿಗೂ ನಮಸ್ಕಾರ. ಕೋಲಾರದಲ್ಲಿ ಸ್ವಂತ ಮನೆ. ಕೆಳಗೆ ನಾವು ನಾಲ್ಕು ಜನ, ಮೇಲೆ ಬಾಡಿಗೆಯವರು. ಅವರ ಮೀಟರ್ ಬೇರೆ. ನೀರಿನ ಟ್ಯಾಂಕ್ ಮಾತ್ರ ಇಬ್ಬರಿಗೂ ಒಂದೇ, ಸಂಪಿನ ಮೋಟರ್ ನಮ್ಮ ಮೀಟರ್‌ನಲ್ಲಿದೆ.

ಎಸಿ ಹಾಕಿಸೋಣ ಅಂತ ಲೋಡ್ ಜಾಸ್ತಿ ಮಾಡಿಸಿದೆವು. ಆಗ ಸ್ಮಾರ್ಟ್ ಮೀಟರ್ ಕೂರಿಸಿದರು. ಎಸಿ ಇನ್ನೂ ಬಂದಿಲ್ಲ, ಬಿಲ್ ಮಾತ್ರ ಬಂತು! ಮೊದಲು ತಿಂಗಳಿಗೆ 170, 180 ಯೂನಿಟ್ ಆಗುತ್ತಿತ್ತು. ಈಗ 240 ದಾಟುತ್ತಿದೆ. ಗೃಹಜ್ಯೋತಿಯಲ್ಲಿ 200 ದಾಟಿದರೆ ಪೂರ್ತಿ ಬಿಲ್ ನಾವೇ ಕಟ್ಟಬೇಕಲ್ಲ, ಅದಕ್ಕೇ ಹೊಟ್ಟೆ ಉರಿ.

ಕರೆಂಟ್ ಆಫೀಸಿನಲ್ಲಿ ಕೇಳಿ ಅರ್ಧ ಅರ್ಧ ಗಂಟೆಯ ಲೆಕ್ಕದ ಎಕ್ಸೆಲ್ ಶೀಟ್ ತೆಗೆಸಿಕೊಂಡೆ. ಸಂಕ್ರಾಂತಿಗೆ ನಾವು ಊರಿಗೆ ಹೋಗಿದ್ದೆವು. ಮೇಲಿನವರೂ ಇರಲಿಲ್ಲ. ಫ್ರಿಜ್ ಇದೆ ಅಂತ ಮೇನ್ ಆಫ್ ಮಾಡಿರಲಿಲ್ಲ. ಆ ರಾತ್ರಿಯ ಸಾಲುಗಳು ಹೀಗಿವೆ:

01:00 – 0.07
01:30 – 0.06
02:00 – 0.07
02:30 – 0.18
03:00 – 0.07
03:30 – 0.07

ದಿನವಿಡೀ ಇದೇ ಕಥೆ. ಸುಮಾರು ಆರು ಗಂಟೆಗೊಮ್ಮೆ ಆ 0.18 ಬರುತ್ತದೆ. ಒಟ್ಟು ಕೂಡಿದರೆ 3.8 ಯೂನಿಟ್. ಬೀಗ ಹಾಕಿದ ಮನೆಗೆ! ಮೀಟರ್ ಜೋರಾಗಿ ಓಡುತ್ತಿದೆ ಅಂತ ಬರೆದು ಕೊಡಲೇ?

ಬಂಗಾರಪೇಟೆ ಪಾನಿಪುರಿ

ಸ್ಮಾರ್ಟ್ ಮೀಟರ್ ಅಂದ್ರೆ ಹಂಗೇ ಗುರು. ಸುಮ್ನೆ ಎಸಿ ಹಾಕಿಸಿಬಿಡಿ, ಬಿಲ್ಲಿಗೆ ಒಂದು ಕಾರಣನಾದ್ರೂ ಸಿಗುತ್ತೆ.

ಸಿರಾಗೇಟ್ ವೈರ್‌ಮನ್ (ತುಮಕೂರು)

ಬರೆದು ಕೊಡುವುದು ಇರಲಿ, ಸ್ವಲ್ಪ ತಡೆಯಿರಿ. ಟೆಸ್ಟ್‌ಗೆ ಶುಲ್ಕ ಕಟ್ಟಬೇಕು. ಅದಕ್ಕೂ ಮೊದಲು ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಇದೆ.

ನಿಮಗೆ ಖಾಲಿ ಮನೆಯ ಒಂದು ಇಡೀ ದಿನದ ಲೆಕ್ಕ ಸಿಕ್ಕಿದೆ, ಇಂಥ ಶೀಟ್ ಎಲ್ಲರಿಗೂ ಸಿಗಲ್ಲ. ಜನ ಬೆಳಗಿನ ಗೀಸರ್, ಮಿಕ್ಸಿ, ಇಸ್ತ್ರಿಪೆಟ್ಟಿಗೆಯ ಏರಿಳಿತ ನೋಡಿ ತಲೆ ಕೆಡಿಸಿಕೊಳ್ಳುತ್ತಾರೆ. ಅವು ಕಣ್ಣಿಗೆ ದೊಡ್ಡದಾಗಿ ಕಾಣುತ್ತವೆ ಅಷ್ಟೇ, ಹತ್ತು ಹದಿನೈದು ನಿಮಿಷದಲ್ಲಿ ಮುಗಿಯುತ್ತವೆ. ಯಾರೂ ಏನೂ ಬಳಸದಾಗ ಎಷ್ಟು ಎಳೆಯುತ್ತಿದೆ ಅನ್ನುವುದನ್ನು ಮೊದಲು ನೋಡಿ.

ಅರ್ಧ ಗಂಟೆಗೆ 0.07 ಯೂನಿಟ್ ಅಂದರೆ ಗಂಟೆಗೆ 0.14, ಅಂದರೆ 140 ವ್ಯಾಟ್ ಸದಾ ಓಡುತ್ತಿದೆ. ತಿಂಗಳಿಗೆ ನೂರು ಯೂನಿಟ್ ಅಲ್ಲೇ ಹೋಯಿತು. ಫ್ರಿಜ್ ಸರಾಸರಿ 40, 45 ವ್ಯಾಟ್ ತಿನ್ನಬಹುದು. ವೈಫೈ ಪೆಟ್ಟಿಗೆ, ಸೆಟ್‌ಟಾಪ್ ಬಾಕ್ಸ್ ಸೇರಿ 15 ಅಂತ ಇಟ್ಟುಕೊಳ್ಳಿ. ಅಲ್ಲಿಗೆ 60 ಆಯಿತು. ಉಳಿದ 80 ಯಾರದು?

ಆ 0.18 ಬೇರೆ ವಿಷಯ. ಅದರಲ್ಲಿ 0.11 ಹೆಚ್ಚುವರಿ. ಅದಕ್ಕೆ ಆಮೇಲೆ ಬರೋಣ.

ಎರಡು ಮಾತು ಕೇಳಬೇಕಿತ್ತು. ಶೀಟಿನಲ್ಲಿ ಕಿಲೋವ್ಯಾಟ್ ಅವರ್ ಕಾಲಂ ಪಕ್ಕದಲ್ಲೇ ಕೆವಿಎಎಚ್ ಅಂತ ಇನ್ನೊಂದು ಇರುತ್ತದೆ. ನೀವು ಯಾವುದನ್ನು ಕೂಡಿದ್ದೀರಿ? ಮನೆಯ ಯೂನಿಟ್ ಅಂದರೆ ಮೊದಲನೆಯದು. ಇನ್ನೊಂದು, ಮೀಟರ್ ಮೇಲೆ ಇಂಪಲ್ಸ್ ಅಂತ ಒಂದು ಸಂಖ್ಯೆ ಅಚ್ಚಾಗಿರುತ್ತೆ. ಎಷ್ಟಿದೆ?

ಹಾಂ, ಸಮಯದ ಕಾಲಂ ಬಗ್ಗೆಯೂ ಹೇಳಿಬಿಡುತ್ತೇನೆ. ಸಾಮಾನ್ಯವಾಗಿ 02:30 ಅಂತ ಇದ್ದರೆ ಅದು 2ರಿಂದ 2:30ರವರೆಗಿನ ಲೆಕ್ಕ.

ಚಿಂತಾಮಣಿ ಮೇಷ್ಟ್ರು

ಆರು ಗಂಟೆಗೊಮ್ಮೆ ಬರುವ ಆ ಏರಿಕೆ ಫ್ರಿಜ್‌ನದ್ದೇ ಇರಬೇಕು. ಫ್ರಾಸ್ಟ್‌ಫ್ರೀ ಫ್ರಿಜ್‌ನಲ್ಲಿ ಮಂಜು ಕರಗಿಸಲು ಒಳಗೆ ಒಂದು ಹೀಟರ್ ಇರುತ್ತದೆ. ಕೆಲವು ಗಂಟೆಗೊಮ್ಮೆ ತಾನೇ ಆನ್ ಆಗಿ ಅರ್ಧ ಗಂಟೆಯೊಳಗೆ ಆಫ್ ಆಗುತ್ತದೆ. ನಮ್ಮ ಮನೆಯ ಲೆಕ್ಕದಲ್ಲೂ ಹೀಗೇ ಉಬ್ಬು ಉಬ್ಬಾಗಿ ಕಾಣುತ್ತದೆ. ಗಾಬರಿ ಬೇಡ.

ಇನ್ನೊಂದು ಅನುಮಾನವಿದೆ. ಮಹಡಿ ಕಟ್ಟುವಾಗ ವೈರಿಂಗ್ ಮಾಡಿದವರು ಮೇಲಿನ ಮನೆಯ ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗುವ ವೈರ್) ಅನ್ನು ನಿಮ್ಮದಕ್ಕೆ ಸೇರಿಸಿಬಿಟ್ಟಿರಬಹುದೇ? ಈಗಿನ ಸಿಂಗಲ್ ಫೇಸ್ ಮೀಟರ್‌ಗಳು ಫೇಸ್, ನ್ಯೂಟ್ರಲ್ ಎರಡರಲ್ಲೂ ಹರಿಯುವ ಕರೆಂಟ್ ಅಳೆಯುತ್ತವೆ. ಎರಡರ ನಡುವೆ ವ್ಯತ್ಯಾಸ ಕಂಡರೆ ಯಾವುದು ಜಾಸ್ತಿಯೋ ಅದನ್ನೇ ಲೆಕ್ಕಕ್ಕೆ ಹಿಡಿಯುತ್ತವೆ. ಕಳ್ಳತನ ತಡೆಯಲು ಮಾಡಿದ ಏರ್ಪಾಡು ಇದು. ನ್ಯೂಟ್ರಲ್ ಬೆರೆತಿದ್ದರೆ ಮೇಲಿನವರ ಗೀಸರ್ ಬಿಲ್ ನಿಮ್ಮ ತಲೆಗೂ ಬರುತ್ತದೆ.

ಸಿರಾಗೇಟ್ ವೈರ್‌ಮನ್

ನ್ಯೂಟ್ರಲ್ ವಿಷಯ ಮೇಷ್ಟ್ರು ಸರಿಯಾಗಿ ಹೇಳಿದರು. ಖಾಲಿ ದಿನದ ಲೆಕ್ಕಕ್ಕೆ ಅದು ಉತ್ತರ ಅಲ್ಲ, ಮೇಲಿನವರೂ ಇರಲಿಲ್ಲವಲ್ಲ. ಆದರೂ ನೋಡಿಬಿಡಿ. ಒಂದು ಎಚ್ಚರ: ಮೇನ್ ಸ್ವಿಚ್ ಆಫ್ ಮಾಡಿ ಪರೀಕ್ಷೆ ಮಾಡಬೇಡಿ. ಎರಡು ಪೋಲ್‌ನ ಮೇನ್ ಇದ್ದರೆ ನ್ಯೂಟ್ರಲ್ಲೂ ಕಟ್ ಆಗುತ್ತೆ, ಬೆರಕೆ ಇದ್ದರೂ ಗೊತ್ತಾಗಲ್ಲ. ಮೇನ್ ಆನ್ ಇರಲಿ, ಒಳಗಿನ ಸಣ್ಣ ಎಂಸಿಬಿಗಳನ್ನೆಲ್ಲ (ಒಂದೊಂದು ಲೈನಿಗೆ ಇರುವ ಸ್ವಿಚ್) ಇಳಿಸಿ. ಮೇಲಿನವರಿಗೆ ಗೀಸರ್ ಹಾಕಲು ಹೇಳಿ. ನಿಮ್ಮ ಮೀಟರ್‌ನ ಕೆಂಪು ದೀಪ ಮಿನುಗಬಾರದು. ಮೀಟರ್ ಪೆಟ್ಟಿಗೆಯ ಸೀಲ್ ಮಾತ್ರ ಮುಟ್ಟಬೇಡಿ.

ಅಂತರಗಂಗೆ ಪಕ್ಕ

ಕಾಲಂ ಕಿಲೋವ್ಯಾಟ್ ಅವರ್‌ದೇ. ಇಂಪಲ್ಸ್ 3200 ಅಂತ ಇದೆ. ಎಂಸಿಬಿ ಇಳಿಸಿ ನೋಡಿದೆ. ಮೇಲೆ ಗೀಸರ್ ಹಾಕಿದರೂ ನಮ್ಮ ದೀಪ ಅಲ್ಲಾಡಲಿಲ್ಲ. ನ್ಯೂಟ್ರಲ್ ಬೆರೆತಿಲ್ಲ ಅನ್ನಿಸುತ್ತೆ.

ಮೇಷ್ಟ್ರೇ, ನಮ್ಮದು ಹಳೇ ಒಂಟಿ ಬಾಗಿಲಿನ ಫ್ರಿಜ್. ಮಂಜು ಕಟ್ಟಿದರೆ ಗುಂಡಿ ಒತ್ತಿ ನಾವೇ ಕರಗಿಸಬೇಕು. ಹೀಟರ್ ಎಲ್ಲಿಂದ ಬರಬೇಕು?

ಸಿರಾಗೇಟ್ ವೈರ್‌ಮನ್

ಒಳ್ಳೇದು. 3200 ಅಂದರೆ ದೀಪ 3200 ಸಲ ಮಿನುಗಿದರೆ ಒಂದು ಯೂನಿಟ್. ಒಂದು ಮಿನುಗಿನಿಂದ ಇನ್ನೊಂದಕ್ಕೆ ಎಷ್ಟು ಸೆಕೆಂಡ್ ಅಂತ ಮೊಬೈಲಿನಲ್ಲಿ ಅಳೆಯಿರಿ. 1125ನ್ನು ಆ ಸೆಕೆಂಡಿನಿಂದ ಭಾಗಿಸಿದರೆ ಆ ಹೊತ್ತಿಗೆ ಎಷ್ಟು ವ್ಯಾಟ್ ಹರಿಯುತ್ತಿದೆ ಅಂತ ಸಿಗುತ್ತೆ.

ಮೊದಲು ಮೀಟರ್ ನಂಬಬಹುದಾ ನೋಡೋಣ. ಎಲ್ಲ ಆಫ್ ಮಾಡಿ, ಬಕೆಟ್ ನೀರಿಗೆ ಇಮ್ಮರ್ಶನ್ ರಾಡ್ ಒಂದನ್ನೇ ಹಾಕಿ. 1500 ವ್ಯಾಟಿನ ರಾಡ್ ಆದರೆ ನೂರು ಮಿನುಗಿಗೆ 75 ಸೆಕೆಂಡ್ ಆಗಬೇಕು. ರಾಡ್ ಆನ್ ಇರುವಾಗ ನೀರಿಗೆ ಕೈ ಹಾಕಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ.

ಆಮೇಲೆ ರಾಡ್ ತೆಗೆದು, ಫ್ರಿಜ್‌ನ ಸ್ವಿಚ್ಚೂ ಆಫ್ ಮಾಡಿ, ಸದಾ ಆನ್ ಇರುವ ವಸ್ತುಗಳನ್ನು ಮಾತ್ರ ಬಿಡಿ. ಮತ್ತೆ ಅಳೆಯಿರಿ. ಮನೆಯಲ್ಲಿ ಯುಪಿಎಸ್ ಇದೆಯಾ?

ಅಂತರಗಂಗೆ ಪಕ್ಕ

ಯುಪಿಎಸ್ ಇದೆ. ಬ್ಯಾಟರಿ ಹಳೆಯದು. ಬೇಸಿಗೆಯಿಂದ ಡಿಸ್ಟಿಲ್ಡ್ ವಾಟರ್ ಬೇಗ ಬೇಗ ಕುಡಿಯುತ್ತಿದೆ.

ರಾಡ್ ಪರೀಕ್ಷೆ ವಿಚಿತ್ರ ಆಯಿತು. ನೂರು ಮಿನುಗಿಗೆ 75 ಅಲ್ಲ, 90 ಸೆಕೆಂಡ್. ಅಂದರೆ ಮೀಟರ್ ನಿಧಾನವಾ? ಖುಷಿ ಪಡಬೇಕೋ ಬೇಡವೋ ಗೊತ್ತಾಗಲಿಲ್ಲ.

ಫ್ರಿಜ್ ಆಫ್ ಮಾಡಿದ ಮೇಲೂ ಹನ್ನೆರಡು ಸೆಕೆಂಡಿಗೆ ಒಂದು ಮಿನುಗು ಬರುತ್ತಿದೆ.

ಸಿರಾಗೇಟ್ ವೈರ್‌ಮನ್

ಖುಷಿ ಬೇಡ. ಮೀಟರ್ ಪರದೆಯಲ್ಲಿ ಗುಂಡಿ ಒತ್ತುತ್ತಾ ಹೋದರೆ ವೋಲ್ಟೇಜ್ ಬರುತ್ತದೆ, ನೋಡಿ. ರಾಡ್ ಮೇಲೆ ಬರೆದ 1500 ವ್ಯಾಟ್ 230 ವೋಲ್ಟಿಗೆ. ಸಂಜೆ ನಿಮ್ಮ ಬೀದಿಯಲ್ಲಿ 210 ಇದ್ದರೆ ರಾಡ್ 1250 ವ್ಯಾಟ್ ಮಾತ್ರ ಎಳೆಯುತ್ತೆ. ಆಗ 90 ಸೆಕೆಂಡೇ ಸರಿ.

ಹನ್ನೆರಡು ಸೆಕೆಂಡ್ ಅಂದರೆ 94 ವ್ಯಾಟ್. ಫ್ರಿಜ್ ಇಲ್ಲದೆ! ನನ್ನ ಅನುಮಾನ ಬ್ಯಾಟರಿ ಮೇಲೆ. ಯುಪಿಎಸ್‌ನ ಮುಂದಿನ ಗುಂಡಿ ಮೊದಲು ಆಫ್ ಮಾಡಿ, ಆಮೇಲೆ ಪ್ಲಗ್ ತೆಗೆಯಿರಿ. ಬರೀ ಪ್ಲಗ್ ಕಿತ್ತರೆ ಕರೆಂಟ್ ಹೋಯಿತು ಅಂದುಕೊಂಡು ಅದು ಬ್ಯಾಟರಿಯಿಂದ ಮನೆಗೆ ಕೊಡಲು ಶುರು ಮಾಡುತ್ತೆ. ವೈಫೈ ಅದರ ಲೈನಿನಲ್ಲಿದ್ದರೆ ಬೇರೆ ಪ್ಲಗ್‌ಗೆ ಹಾಕಿ. ಮತ್ತೆ ಅಳೆಯಿರಿ.

ಅಂತರಗಂಗೆ ಪಕ್ಕ

ವೋಲ್ಟೇಜ್ 209, 210ರ ನಡುವೆ ಆಡುತ್ತಿದೆ. ಮೀಟರ್ ಮೇಲಿನ ಆಪಾದನೆ ವಾಪಸ್.

ಯುಪಿಎಸ್ ತೆಗೆದೆ. ದೀಪ ಮಿನುಗುವುದನ್ನೇ ಮರೆತಂತೆ ಆಯಿತು. ಒಂದೂ ಕಾಲು ನಿಮಿಷ ಕಾದ ಮೇಲೆ ಒಂದು ಬಂತು. 75 ಸೆಕೆಂಡ್, ಅಂದರೆ 15 ವ್ಯಾಟ್. ಯುಪಿಎಸ್ ಒಂದೇ 79 ತಿನ್ನುತ್ತಿದೆ! ಬ್ಯಾಟರಿ ಮುಟ್ಟಿ ನೋಡಿದೆ, ಒಂದು ಪಕ್ಕ ಬೆಚ್ಚಗಿದೆ. ಕರೆಂಟ್ ಬೆಳಗಿನಿಂದ ಹೋಗೇ ಇಲ್ಲ, ಬ್ಯಾಟರಿ ಇಷ್ಟು ಹೊತ್ತಿಗೆ ತುಂಬಿರಬೇಕಿತ್ತು.

ಸಿರಾಗೇಟ್ ವೈರ್‌ಮನ್

ಸಿಕ್ಕಿತು. ಒಂದು ಸೆಲ್ ಕೆಟ್ಟಿರಬೇಕು. ಬ್ಯಾಟರಿ ಎಂದಿಗೂ ತುಂಬುವುದಿಲ್ಲ, ಚಾರ್ಜರ್ ಎಂದಿಗೂ ನಿಲ್ಲುವುದಿಲ್ಲ. ಹೋದ ಕರೆಂಟೆಲ್ಲ ಶಾಖ ಆಗಿ, ನೀರು ಆವಿ ಆಗುತ್ತಿದೆ. 79 ವ್ಯಾಟ್ ಅಂದರೆ ತಿಂಗಳಿಗೆ 57 ಯೂನಿಟ್ ಹತ್ತಿರ. ಹೊಸ ಬ್ಯಾಟರಿ ಹಾಕಿದರೆ ಅಷ್ಟೂ ಉಳಿಯುತ್ತೆ ಅಂದುಕೊಳ್ಳಬೇಡಿ. ಒಳ್ಳೇ ಬ್ಯಾಟರಿ ಇದ್ದರೂ ಯುಪಿಎಸ್ ಇಪ್ಪತ್ತು ವ್ಯಾಟ್ ಆಸುಪಾಸು ಎಳೆಯುತ್ತಲೇ ಇರುತ್ತೆ. ನಲವತ್ತು ಯೂನಿಟ್ ಉಳಿದರೆ ಲಾಭ. ಬೆಚ್ಚಗಾದ ಬ್ಯಾಟರಿಯನ್ನು ಮುಚ್ಚಿದ ಜಾಗದಲ್ಲಿ ಇಡಬೇಡಿ, ಬೇಗ ತೋರಿಸಿ.

ಚಿಂತಾಮಣಿ ಮೇಷ್ಟ್ರು

ಹಳೇ ಬಿಲ್‌ಗಳನ್ನೂ ಒಮ್ಮೆ ತೆಗೆದು ನೋಡಿ. ಏರಿಕೆ ಶುರುವಾಗಿದ್ದು ಮೀಟರ್ ಬದಲಾದ ಮೇಲೋ, ಮೊದಲೋ? ನನ್ನ ಹೀಟರ್ ವಾದ ಬಿದ್ದುಹೋಯಿತು. ಹಾಗಾದರೆ ಆ 0.11 ಏನು? ಅದನ್ನು ಬಿಡುವ ಹಾಗಿಲ್ಲ.

ಅಂತರಗಂಗೆ ಪಕ್ಕ

ನೋಡಿದೆ ಮೇಷ್ಟ್ರೇ. ಹಳೇ ಮೀಟರ್ ಇರುವಾಗಲೇ 180ರಿಂದ 205ಕ್ಕೆ, ಆಮೇಲೆ 220ಕ್ಕೆ ಹತ್ತಿತ್ತು. ಲೋಡ್ ಜಾಸ್ತಿ ಮಾಡಿಸುವ ಗಡಿಬಿಡಿಯಲ್ಲಿ ಯಾರೂ ಗಮನಿಸಿಲ್ಲ.

ಸಿರಾಗೇಟ್ ವೈರ್‌ಮನ್

0.11ಕ್ಕೆ ಬರೋಣ. ಒಂದು ಎಚ್‌ಪಿ ಮೋಟರ್ ಓಡುವಾಗ ಹೆಚ್ಚುಕಮ್ಮಿ ಒಂದು ಕಿಲೋವ್ಯಾಟ್ ಎಳೆಯುತ್ತೆ. 0.11 ಯೂನಿಟ್ ಅಂದರೆ ಆರೂವರೆ ನಿಮಿಷದ ಓಟ. ನಿಮ್ಮ ಸಂಪಿನ ಮೋಟರ್‌ಗೆ ಆಟೋಮ್ಯಾಟಿಕ್ ಇದೆಯಾ, ಟ್ಯಾಂಕ್‌ನಲ್ಲಿ ನೀರು ಇಳಿದರೆ ತಾನೇ ಶುರುವಾಗುವ ಥರದ್ದು?

ಅಂತರಗಂಗೆ ಪಕ್ಕ

ಇದೆ. ಆದರೆ ಮನೆಯಲ್ಲಿ ಯಾರೂ ಇರಲಿಲ್ಲ. ನೀರು ಬಳಸಿದ್ದು ಯಾರು?

ಬಂಗಾರಪೇಟೆ ಪಾನಿಪುರಿ

ದೆವ್ವ ಸ್ನಾನ ಮಾಡ್ತಿದೆ.

ಚಿಂತಾಮಣಿ ಮೇಷ್ಟ್ರು

ನೀರು ಸೋರುತ್ತಿದೆ! ಆರೂವರೆ ನಿಮಿಷಕ್ಕೆ 250 ಲೀಟರ್ ಏರಿತು ಅಂದುಕೊಂಡರೂ ದಿನಕ್ಕೆ ನಾಲ್ಕು ಸಲ, ಅಂದರೆ ಸಾವಿರ ಲೀಟರ್. ಟ್ಯಾಂಕರ್ ತರಿಸುತ್ತೀರಾ? ಈಚೆಗೆ ಸಂಪು ಬೇಗ ಖಾಲಿಯಾಗುತ್ತಿದೆಯೇ?

ಗೋಡೆ ಒದ್ದೆ ಇಲ್ಲದಿದ್ದರೆ ಫ್ಲಶ್ ಟ್ಯಾಂಕ್ ನೋಡಿ. ಅದು ಸದ್ದಿಲ್ಲದೆ ಸೋರುತ್ತದೆ. ರಾತ್ರಿ ಮಲಗುವ ಮುಂಚೆ ಬಟ್ಟೆಗೆ ಹಾಕುವ ನೀಲಿ ನಾಲ್ಕು ಹನಿ ಫ್ಲಶ್ ಟ್ಯಾಂಕಿಗೆ ಬಿಡಿ. ಯಾರೂ ಫ್ಲಶ್ ಮಾಡಬೇಡಿ. ಅರ್ಧ ಗಂಟೆ ಬಿಟ್ಟು ಕಮೋಡ್‌ನಲ್ಲಿ ನೀಲಿ ಕಂಡರೆ ಅಲ್ಲೇ ಕಳ್ಳ.

ಅಂತರಗಂಗೆ ಪಕ್ಕ

ಟ್ಯಾಂಕರ್ ವಿಷಯ ಕೇಳಿ ಎದೆ ಧಸಕ್ ಅಂತು. ಮಳೆ ಮುಗಿದಾಗಿನಿಂದ ಟ್ಯಾಂಕರ್ ಜಾಸ್ತಿ ಬರುತ್ತಿದೆ. ಮೇಲಿನ ಮನೆಯಾಕೆ ದಿನಾ ಬಟ್ಟೆ ಒಗೆಯುತ್ತಾರೆ ಅಂತ ನಮ್ಮಮ್ಮ ಮುಖ ಗಂಟು ಹಾಕಿಕೊಂಡು ಓಡಾಡುತ್ತಿದ್ದರು.

ನಮ್ಮ ಎರಡೂ ಬಾತ್‌ರೂಮ್ ಸರಿ ಇದೆ. ಮೇಲಿನ ಮನೆಯಲ್ಲಿ ನೀಲಿ ಹಾಕಿಸಿದೆ. ಕಾಲು ಗಂಟೆಗೇ ಕಮೋಡ್ ನೀಲಿ ನೀಲಿ. ತಳದ ರಬ್ಬರ್ ವಾಷರ್ ಅಂಚು ಸವೆದು ಒಂದು ಕಡೆ ಮೇಲೆದ್ದಿತ್ತು. ಪ್ಲಂಬರ್ ಬಂದು ಹತ್ತು ನಿಮಿಷದಲ್ಲಿ ಬದಲಾಯಿಸಿ ಹೋದ. ಅಮ್ಮ ಮೇಲಿನವರಿಗೆ ಮೈಸೂರುಪಾಕು ಕಳಿಸಿದ್ದಾರೆ, ಕಾರಣ ಹೇಳಿಲ್ಲ.

ಬ್ಯಾಟರಿ ಅಂಗಡಿಯವರು ಹೈಡ್ರೋಮೀಟರ್ ಹಾಕಿ ನೋಡಿದರು. ಒಂದು ಸೆಲ್ ಸತ್ತಿದೆ. ಹಳೆಯದನ್ನು ವಾಪಸ್ ತೆಗೆದುಕೊಂಡು ಹೊಸದು ಕೊಟ್ಟರು. ನಿನ್ನೆ ರಾತ್ರಿಯ ಶೀಟ್ ತೆಗೆಸಿದೆ: 0.04, 0.04, 0.04, 0.05. ನಡುವೆ ಒಂದೂ 0.18 ಇಲ್ಲ.

ಸಿರಾಗೇಟ್ ವೈರ್‌ಮನ್

80, 90 ವ್ಯಾಟ್‌ಗೆ ಇಳಿಯಿತು. ನಿಮ್ಮ ಫ್ರಿಜ್ ಇಟ್ಟುಕೊಂಡು ಇದಕ್ಕಿಂತ ಕೆಳಗೆ ಹೋಗುವುದು ಕಷ್ಟ. ತಿಂಗಳಿಗೆ ಐವತ್ತು ಯೂನಿಟ್ ಮೇಲೆ ಇಳಿಯಬೇಕು. 200ರ ಒಳಗೆ ಬರುತ್ತೀರಿ, ಆದರೆ ದೊಡ್ಡ ಅಂತರ ಇರಲ್ಲ. ಎಸಿ ಬಂದರೆ ಈ ಲೆಕ್ಕ ಎಲ್ಲ ಮತ್ತೆ ತಲೆಕೆಳಗು.

ಬಂಗಾರಪೇಟೆ ಪಾನಿಪುರಿ

ಅಣ್ಣ, ಈಗ ನಂಗೂ ಭಯ ಶುರು ಆಯ್ತು. ನಮ್ಮದೂ ಹಳೇ ಬ್ಯಾಟರಿ. ರಾತ್ರಿ ಯುಪಿಎಸ್ ಪ್ಲಗ್ ತೆಗೆದು ಮಲಗಿದ್ರೆ ಉಳಿತಾಯ ಆಗುತ್ತಾ?

ಸಿರಾಗೇಟ್ ವೈರ್‌ಮನ್

ಬೇಡ. ರಾತ್ರಿ ಕರೆಂಟ್ ಹೋದಾಗ ಬೇಕು ಅಂತ ತಾನೇ ಇಟ್ಟಿರುವುದು? ಅರ್ಧ ಚಾರ್ಜ್‌ನಲ್ಲಿ ಬಿಡುತ್ತಾ ಬಂದರೆ ಲೆಡ್ ಆಸಿಡ್ ಬ್ಯಾಟರಿ ಬೇಗ ಹಾಳಾಗುತ್ತೆ. ಬ್ಯಾಟರಿ ಪೂರ್ತಿ ತುಂಬಿದ ದಿನ ನೋಡಿಕೊಂಡು ಒಂದು ಸಲ ಮಿನುಗು ಅಳೆಯಿರಿ. ಯುಪಿಎಸ್ ಇದ್ದಾಗ, ತೆಗೆದಾಗ. ಇಪ್ಪತ್ತು, ಮೂವತ್ತು ವ್ಯಾಟ್ ವ್ಯತ್ಯಾಸ ಬಂದರೆ ನೆಮ್ಮದಿಯಾಗಿ ಮಲಗಿ. ಮೀಟರ್ ಮೇಲೆ 3200 ಬದಲು 1600 ಅಂತ ಇದ್ದರೆ 1125ರ ಜಾಗದಲ್ಲಿ 2250 ಹಿಡಿಯಿರಿ.